ಒಂಬತ್ತು ಅಡಿಯ ಹಾಲ್‌ಗೆ 55 ಇಂಚೋ, 65 ಇಂಚೋ?

ಪ್ರಶ್ನೆ (ಡೊಂಬಿವಲಿ ಪೂರ್ವ):

ಎಲ್ಲರಿಗೂ ನಮಸ್ಕಾರ. ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿರುವ ಹಳೆಯ 32 ಇಂಚಿನ ಟಿ.ವಿ.ಯನ್ನು ತೆಗೆದು ದೊಡ್ಡದೊಂದನ್ನು ತರಬೇಕೆಂದಿದ್ದೇವೆ. ಸೋಫಾಕ್ಕೆ ಒರಗಿ ಕುಳಿತರೆ ಎದುರಿನ ಗೋಡೆಗೆ ಸುಮಾರು ಒಂಬತ್ತು ಅಡಿಗಳ ಅಂತರವಿದೆ. ಹಗಲಿಡೀ ತಂದೆಯವರ ಕನ್ನಡ ವಾರ್ತೆ, ಸಂಜೆ ತಾಯಿಯವರ ಧಾರಾವಾಹಿ, ರಾತ್ರಿ ಮಕ್ಕಳ ಕ್ರಿಕೆಟ್ ಮತ್ತು ಸಿನಿಮಾ, ಇಷ್ಟು ನಮ್ಮ ಮನೆಯ ಬಳಕೆ. ಅಂಗಡಿಯವರು 65 ಇಂಚಿನ ಒಎಲ್‌ಇಡಿಯನ್ನೇ ಕೊಳ್ಳಿರೆಂದು ಒತ್ತಾಯಿಸುತ್ತಿದ್ದಾರೆ. ಮನೆಯವರು 55 ಇಂಚು ಧಾರಾಳವಾಯಿತು ಎನ್ನುತ್ತಾರೆ. ನೆರೆಮನೆಯವರು ದೊಡ್ಡ ಟಿ.ವಿ. ತಂದ ಮೇಲೆ ಧಾರಾವಾಹಿಗಳು ಮೊದಲಿಗಿಂತ ಮಸುಕಾಗಿವೆ ಎಂದು ದೂರುತ್ತಿರುವುದನ್ನು ಕೇಳಿ ನನಗೆ ಅಳುಕು ಹುಟ್ಟಿದೆ. ಇನ್ನೊಂದು ಸಂಗತಿ: ಟಿ.ವಿ.ಗೆಂದು ಇಟ್ಟುಕೊಂಡಿರುವುದು ಪಶ್ಚಿಮದ ಹೊರಗೋಡೆ; ಮಳೆಗಾಲದಲ್ಲಿ ಅದರ ಬಣ್ಣ ಉಬ್ಬಿ ಬರುತ್ತದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಕೊಥ್ರೂಡ್, ಪುಣೆ):

ನೆರೆಮನೆಯವರ ದೂರಿಗೆ ಸರಿಯಾದ ಕಾರಣವಿದೆ. ಅದು ತಿಳಿದರೆ ಗಾತ್ರದ ಪ್ರಶ್ನೆಯೂ ಅರ್ಧ ಬಗೆಹರಿದಂತೆ. ಸಾಮಾನ್ಯ, ಅಂದರೆ ಎಚ್‌ಡಿ ಅಲ್ಲದ, ವಾಹಿನಿಯ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಇರುವುದು 576 ಗೆರೆಗಳು ಮಾತ್ರ. ಅಷ್ಟೇ ಗೆರೆಗಳು 32 ಇಂಚಿನ ಪರದೆಯಲ್ಲಿ 40 ಸೆಂ.ಮೀ. ಎತ್ತರದೊಳಗೆ ಕೂರುತ್ತವೆ, 65 ಇಂಚಿನ ಪರದೆಯಲ್ಲಿ 81 ಸೆಂ.ಮೀ.ಗೆ ಹರಡಿಕೊಳ್ಳುತ್ತವೆ. ಆರೋಗ್ಯವಂತ ಕಣ್ಣಿಗೆ ಚಿಕ್ಕ ಪರದೆಯ ಈ ಒರಟುತನ ಎಂಟು ಅಡಿಗಳಿಂದಾಚೆ ಮರೆಯಾಗುತ್ತದೆ. 65 ಇಂಚಿನಲ್ಲಾದರೋ ಹದಿನೈದು ಅಡಿ ಹಿಂದೆ ಸರಿದರೂ ಪೂರ್ತಿ ಮರೆಯಾಗದು. ಹೊಸ ಟಿ.ವಿ. ಕೆಟ್ಟದ್ದೇನಲ್ಲ, ಹಳೆಯದು ಮುಚ್ಚಿಟ್ಟಿದ್ದನ್ನು ಅದು ತೆರೆದು ತೋರಿಸುತ್ತಿದೆ, ಅಷ್ಟೆ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. 1920×1080 ಚುಕ್ಕೆಗಳ ಫುಲ್ ಎಚ್‌ಡಿ ಚಿತ್ರವನ್ನು 65 ಇಂಚಿನ ಪರದೆಯಲ್ಲಿ ಎಂಟೂವರೆ ಅಡಿಗಳಾಚೆಯಿಂದ ನೋಡಿದರೆ ಒಂದೊಂದು ಚುಕ್ಕೆಯನ್ನು ಬೇರ್ಪಡಿಸಿ ಕಾಣಲು ಕಣ್ಣಿಗೆ ಸಾಧ್ಯವಿಲ್ಲ. ಆದ್ದರಿಂದ 3840×2160 ಚುಕ್ಕೆಗಳ 4ಕೆ ನಿಮ್ಮ ಸೋಫಾಕ್ಕೆ ತಲುಪಿಸುವ ಹೆಚ್ಚುವರಿ ಸೂಕ್ಷ್ಮತೆ ತೀರ ಅಲ್ಪ. ಈ ಗಾತ್ರದ ಟಿ.ವಿ.ಗಳೆಲ್ಲ ಈಗ ಹೆಚ್ಚುಕಡಿಮೆ 4ಕೆಯೇ ಆಗಿರುವುದರಿಂದ ಅದನ್ನು ಬೇಡವೆನ್ನುವ ಪ್ರಶ್ನೆಯಿಲ್ಲ. ಆದರೆ 8ಕೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಹೊರಬನ್ನಿ. ಹಣವನ್ನು ಹಾಕಬೇಕಾದದ್ದು ಕಪ್ಪು ಎಷ್ಟು ಕಪ್ಪಾಗಿ ಬರುತ್ತದೆ, ಹಗಲು ಬೆಳಕಿನಲ್ಲಿ ಚಿತ್ರ ಎಷ್ಟು ನಿಚ್ಚಳವಾಗಿರುತ್ತದೆ ಎಂಬುದರ ಮೇಲೆ.

ಸಿನಿಮಾ ನೋಡಲು ಪರದೆ ಕಣ್ಣಿನ ಮುಂದೆ ಸುಮಾರು 30 ಡಿಗ್ರಿಗಳಷ್ಟು ಹರಡಿರಬೇಕೆಂಬ ರೂಢಿಯಿದೆ. ಒಂಬತ್ತು ಅಡಿಯಲ್ಲಿ 65 ಇಂಚು ಹೆಚ್ಚುಕಡಿಮೆ ಅಷ್ಟಾಗುತ್ತದೆ, 55 ಇಂಚು 25 ಡಿಗ್ರಿಗೆ ನಿಲ್ಲುತ್ತದೆ. ಹಾಗಾಗಿ ಗಾತ್ರದ ಮಟ್ಟಿಗೆ ಅಂಗಡಿಯವರ ಮಾತು ಸುಳ್ಳಲ್ಲ. ಒಎಲ್‌ಇಡಿಯ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಅದರ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಬೆಳಗುತ್ತಲೇ ಸವೆಯುತ್ತದೆ. ಕಪ್ಪು ಬಣ್ಣ ಅಷ್ಟು ಗಾಢವಾಗಿ ಬರುವುದೂ ಚುಕ್ಕೆಗಳು ತಾವಾಗಿ ಆರುವುದರಿಂದಲೇ. ಆದರೆ ವಾರ್ತಾ ವಾಹಿನಿಯ ಲಾಂಛನವೂ ಕೆಳಗಿನ ಕೆಂಪು ಪಟ್ಟಿಯೂ ದಿನವಿಡೀ ಒಂದೇ ಜಾಗದಲ್ಲಿ ಬೆಳಗುತ್ತಿದ್ದರೆ, ಕಾಲಕ್ರಮೇಣ ಅವುಗಳ ಛಾಯೆ ಪರದೆಯಲ್ಲಿ ಅಳಿಯದೆ ಉಳಿಯುವ ಸಂಭವವಿದೆ. ತಮ್ಮ ತಂದೆಯವರ ಅಭ್ಯಾಸಕ್ಕೆ ಪರದೆಯ ಹಿಂದಿನ ದೀಪಗಳಿಂದ ಬೆಳಗುವ ಎಲ್‌ಇಡಿ ಅಥವಾ ಕ್ಯೂಎಲ್‌ಇಡಿ ಟಿ.ವಿ.ಯೇ ಕ್ಷೇಮ.

ಉತ್ತರ 2 (ಮಡಗಾಂವ್, ಗೋವಾ):

ಗಾತ್ರದ ಬಗ್ಗೆ ಮೇಲಿನವರು ಹೇಳಿದ್ದೇ ಸಾಕು. ನಾನು ಗೋಡೆಯ ಬಗ್ಗೆ ಹೇಳುತ್ತೇನೆ. ಅರಬ್ಬಿ ಸಮುದ್ರದ ಮಳೆ ನೈಋತ್ಯ ಗಾಳಿಯೊಡನೆ ಬಂದು ಹೊಡೆಯುವುದೇ ಪಶ್ಚಿಮದ ಗೋಡೆಗೆ. ಬಣ್ಣ ಉಬ್ಬುತ್ತಿದೆಯೆಂದರೆ ನೀರು ಆಗಲೇ ಒಳಗಿನ ಗಾರೆಯವರೆಗೆ ಬಂದಿದೆ. ಅಲ್ಲಿ ರಂಧ್ರ ಕೊರೆದು ಬೋಲ್ಟ್ ಹಾಕಿದರೆ ಅದು ತುಕ್ಕು ಹಿಡಿಯುತ್ತದೆ, ಜೊತೆಗೆ ಟಿ.ವಿ.ಯ ಬೆನ್ನು ನಾಲ್ಕು ತಿಂಗಳು ತೇವದಲ್ಲೇ ಇರುತ್ತದೆ. ಹೊರಗಿನಿಂದ ಸೋರಿಕೆ ನಿಲ್ಲಿಸುವ ತನಕ ಒಳಗೋಡೆಯನ್ನೇ ಆರಿಸಿ, ಇಲ್ಲವೇ ಕಾಲುಗಳ ಮೇಲೆ ಮೇಜಿನಲ್ಲಿ ಇರಿಸಿ. ಒಳಗೋಡೆಯೂ ಸಿಪೋರೆಕ್ಸ್ ಎಂಬ ಹಗುರ ಇಟ್ಟಿಗೆಯದ್ದಾಗಿದ್ದರೆ, ಸ್ಕ್ರೂ ಕೂರಿಸಲು ರಂಧ್ರಕ್ಕೆ ತುರುಕುವ ಸಾಮಾನ್ಯ ಪ್ಲಾಸ್ಟಿಕ್ ಗಟ್ಟ ಹಿಡಿಯುವುದಿಲ್ಲ. ಹಗುರ ಇಟ್ಟಿಗೆಗೆಂದೇ ಮಾಡಿದ ಆಂಕರ್ ಬೇಕೆಂದು ಅಳವಡಿಸಲು ಬಂದ ಹುಡುಗನಿಗೆ ಮೊದಲೇ ತಿಳಿಸಿ. ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟದಲ್ಲಿರಲಿ, ಅಂದರೆ ನೆಲದಿಂದ ಮೂರೂವರೆ ಅಡಿಯ ಆಸುಪಾಸಿನಲ್ಲಿ. ದೇವರ ಪಟದ ಎತ್ತರಕ್ಕೆ ತೂಗುಹಾಕುವ ಪದ್ಧತಿ ನಮ್ಮಲ್ಲಿ ಯಾಕೆ ಬಂತೋ ತಿಳಿಯದು, ಕುತ್ತಿಗೆ ನೋಯುವುದಂತೂ ಖಚಿತ.

ಈಗಿನ ಬಹುತೇಕ ಟಿ.ವಿ.ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುವುದರಿಂದ ಸ್ಟೆಬಿಲೈಸರ್‌ಗೆ ಹಣ ಹಾಕುವ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿ, ವಿದ್ಯುತ್ತಿನ ದಿಢೀರ್ ಏರಿಕೆಯನ್ನು ತಡೆಯುವ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಕೊಳ್ಳಿ. ಗುಡುಗು-ಮಿಂಚಿನ ಸಂಜೆ ಪ್ಲಗ್ ತೆಗೆದರಷ್ಟೇ ಸಾಲದು. ತಾರಸಿಯ ಡಿಶ್‌ನಿಂದ ಬರುವ ಕೇಬಲ್ಲನ್ನೂ ಕಳಚಿಡಬೇಕು. ಸಿಡಿಲಿನ ಪೆಟ್ಟು ಆ ದಾರಿಯಿಂದಲೂ ಬರುತ್ತದೆ.

ಉತ್ತರ 3 (ಮಾಟುಂಗಾ, ಮುಂಬಯಿ):

65 ಇಂಚನ್ನು ತಂದು ಸಾಮಾನ್ಯ ವಾಹಿನಿಯನ್ನೇ ನೋಡುವುದಾದರೆ ನನ್ನ ಮತ 55ಕ್ಕೆ. ಆದ್ದರಿಂದ ಟಿ.ವಿ. ಕೊಳ್ಳುವ ಮುನ್ನ ಡಿಟಿಎಚ್ ಪ್ಯಾಕನ್ನು ಸರಿಪಡಿಸಿಕೊಳ್ಳಿ. ಮಹಾರಾಷ್ಟ್ರದಲ್ಲಿ ಕೊಡುವ ಸಿದ್ಧ ಪ್ಯಾಕ್‌ಗಳಲ್ಲಿ ಹಿಂದಿ-ಮರಾಠಿಯದೇ ಪಾರಮ್ಯ. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ವ್ಯವಸ್ಥೆ ಜಾರಿಗೆ ಬಂದ 2019ರಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ತಾಯಿಯವರು ನೋಡುವ ಮನರಂಜನಾ ವಾಹಿನಿಗಳ ಎಚ್‌ಡಿ ಆವೃತ್ತಿಯನ್ನು ಹೆಸರು ಹೇಳಿ ಸೇರಿಸಿಕೊಳ್ಳಿ, ಅದೇ ವಾಹಿನಿಯ ಸಾಮಾನ್ಯ ಆವೃತ್ತಿಯನ್ನು ತೆಗೆಸಿ.

ಮನೆಗೆ ತಂದ ಮೇಲೆ ಅಂಗಡಿಯ ಕಣ್ಣು ಕುಕ್ಕುವ ‘ವಿವಿಡ್’ ಮೋಡನ್ನು ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡಿಗೆ ಬನ್ನಿ. ಮೊದಲೆರಡು ದಿನ ಹಳದಿಯಾಗಿ ಕಂಡರೂ ಮುಖದ ಬಣ್ಣ ಸಹಜವಾಗಿ ಬರುವುದು ಅದರಲ್ಲೇ. ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾದ ನಡುವೆ ಟಿ.ವಿ. ತಾನೇ ಚೌಕಟ್ಟುಗಳನ್ನು ತುಂಬುವ ಸೌಲಭ್ಯವನ್ನೂ ನಿಲ್ಲಿಸಿಬಿಡಿ, ಇಲ್ಲದಿದ್ದರೆ ಎಲ್ಲ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್‌ಗೆ ಬೇಕಿದ್ದರೆ ಇಟ್ಟುಕೊಳ್ಳಬಹುದು. ಬೆಲೆಯ ವಿಚಾರವನ್ನೂ ಹೇಳಿಬಿಡುತ್ತೇನೆ: 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ತೋರಿಸಿ ‘ರಿಯಾಯಿತಿ’ ಎನ್ನುವವರನ್ನು ನಂಬಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಒಳಗೋಡೆ, ಎಚ್‌ಡಿ ಪ್ಯಾಕ್, ಒಎಲ್‌ಇಡಿ ಅಲ್ಲದ 65 ಇಂಚು ಎಂಬಲ್ಲಿಗೆ ಮನೆಯವರೂ ಒಪ್ಪಿದ್ದಾರೆ. ಹಳೆಯ ಸೆಟ್‌ಟಾಪ್ ಬಾಕ್ಸ್ ಕೆಂಪು-ಬಿಳಿ-ಹಳದಿ ತಂತಿಗಳದ್ದು. ಎಚ್‌ಡಿ ವಾಹಿನಿಗೆ ಅದು ಸಾಕೇ?

ಉತ್ತರ 3:

ಸಾಲದು. ಆ ಹಳದಿ ತಂತಿಯಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ಎಚ್‌ಡಿ ಬಾಕ್ಸ್ ತರಿಸಿ, ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080 ಎಂದು ಆರಿಸಿಕೊಳ್ಳಿ. ಹಾಗೆಯೇ ಆರ್ಡರ್ ಮಾಡುವ ಮುನ್ನ ನಿಮ್ಮ ಕಟ್ಟಡದ ಲಿಫ್ಟನ್ನು ಅಳೆದು ನೋಡಿ: 65 ಇಂಚಿನ ಪರದೆಯೇ 144 ಸೆಂ.ಮೀ. ಅಗಲ, ಪೆಟ್ಟಿಗೆ ಅದಕ್ಕಿಂತ ದೊಡ್ಡದು. ಅದನ್ನು ಮಲಗಿಸಿ ಸಾಗಿಸಬಾರದು.