ಅಪಾರ್ಟ್‌ಮೆಂಟ್ ಕಮಿಟಿಗೆ ಸೇರಲಾ? ಇದ್ದವರು ಅನುಭವ ಹೇಳಿ

ನಮ್ಮದು ಬೆಂಗಳೂರಿನಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್. ಕೀ ಸಿಕ್ಕಿ ನಾಲ್ಕು ವರ್ಷ ಆಯ್ತು. ಮುಂದಿನ ತಿಂಗಳು ವಾರ್ಷಿಕ ಸಭೆ. ಖಜಾಂಚಿ ಆಗಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಕೆಲಸ ಇದೆ, ಮಕ್ಕಳು ಚಿಕ್ಕವರು. ಹಿಂದಿನ ಕಮಿಟಿಯವರು ಬೈಸಿಕೊಂಡಿದ್ದು ನೋಡಿ ಭಯ. ಒಪ್ಪಿಕೊಳ್ಳಲಾ?

ಮೂರು ವರ್ಷ ಖಜಾಂಚಿಯಾಗಿದ್ದವರು:
ಒಪ್ಪಿಕೊಳ್ಳಿ ಮೇಡಂ. ಲೆಕ್ಕ ಕಣ್ಣಿಗೆ ಕಾಣದಿದ್ದಾಗಲೇ ಜನ ಬೈಯುವುದು. ನನಗೆ ಇದು ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ. ಬೋರ್‌ವೆಲ್ ಬತ್ತಿ, ದಿನವೂ ಟ್ಯಾಂಕರ್ ತರಿಸುತ್ತಿದ್ದೆವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರ್‌ಗೆ, 5 ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ ಅಂತ ದರ ನಿಗದಿ ಮಾಡಿತ್ತು. ಎಲ್ಲರೂ ದರದ ಬಗ್ಗೆಯೇ ಮಾತಾಡುತ್ತಿದ್ದರು. ಎಷ್ಟು ನೀರು ಬರುತ್ತಿದೆ ಅಂತ ಯಾರೂ ಅಳೆದಿರಲಿಲ್ಲ.

ನಮ್ಮ ಸಂಪು 5 ಮೀಟರ್ ಉದ್ದ, 4 ಮೀಟರ್ ಅಗಲ. 12,000 ಲೀಟರ್ ಬಿದ್ದರೆ ನೀರು 60 ಸೆಂಟಿಮೀಟರ್ ಏರಬೇಕು. ಮೋಟಾರ್ ನಿಲ್ಲಿಸಿ, ಕೋಲು ಇಳಿಸಿ ನೋಡಿದರೆ ಏರಿದ್ದು 48. ಅಂದರೆ ಪ್ರತಿ ಲೋಡಿಗೆ 2,400 ಲೀಟರ್ ಕಡಿಮೆ! ಮರುದಿನದಿಂದ ಗೇಟಿನಲ್ಲಿ ಒಂದು ಪುಸ್ತಕ ಇಟ್ಟೆವು. ಗಾಡಿ ನಂಬರ್, ಸಮಯ, ಮೊದಲಿನ ಅಳತೆ, ಆಮೇಲಿನ ಅಳತೆ, ಸೆಕ್ಯುರಿಟಿಯವರ ಸಹಿ. ವಾರಕ್ಕೊಮ್ಮೆ ಆ ಪುಟವನ್ನು ಲಿಫ್ಟ್ ಪಕ್ಕ ಅಂಟಿಸಿದೆ. ಮುಂದಿನ ತಿಂಗಳು ಮೇಂಟೆನೆನ್ಸ್ ಜಾಸ್ತಿ ಮಾಡಿದಾಗ ಒಬ್ಬರೂ ಜಗಳಕ್ಕೆ ಬರಲಿಲ್ಲ.

ಇನ್ನೊಂದು ಮಾತು. ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವರ್ಷದ ವಸೂಲಿ 20 ಲಕ್ಷವನ್ನೂ ದಾಟಿದರೆ 18% ಜಿಎಸ್‌ಟಿ ಬರುತ್ತದೆ. ದರ ಏರಿಸುವ ಮುಂಚೆ ಆಡಿಟರ್ ಹತ್ತಿರ ಕೇಳಿ.

ಹಿಂದೆ ಕಾರ್ಯದರ್ಶಿಯಾಗಿದ್ದವರು:
ನಾಲ್ಕು ವರ್ಷ ಅಂದಿರಲ್ಲ, ಅದು ಮುಖ್ಯ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ, ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು. ನಾವು ಸುಮ್ನೆ ಫೋನ್‌ನಲ್ಲೇ ಹೇಳುತ್ತಾ ಕೂತು ಸಮಯ ಕಳೆದೆವು. ಬೇಸ್‌ಮೆಂಟ್ ಸೋರಿಕೆಗೆ ಆಮೇಲೆ ನಾವೇ ದುಡ್ಡು ಹಾಕಬೇಕಾಯ್ತು. ನೀವು ಫೋಟೋ ತೆಗೆದು, ಬರವಣಿಗೆಯಲ್ಲೇ ಕೊಟ್ಟು, ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಈ ವರ್ಷವೇ ಮಾಡಿ.

ಈಗಲೂ ಕಮಿಟಿಯಲ್ಲಿರುವವರು:
ಅಕ್ಕ, ಬ್ಯಾಂಕಿನ ಸಹಿ ಬದಲಾವಣೆಗೆ ಸಭೆಯ ನಿರ್ಣಯದ ಪ್ರತಿ ಬೇಕು. ಅವತ್ತೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ನಮ್ಮಲ್ಲಿ ಹಳೇ ಖಜಾಂಚಿ ಊರು ಬಿಟ್ಟು ಹೋದರು, ಚೆಕ್ ಆರು ವಾರ ನಿಂತಿತು. ಕಸ ಗುಡಿಸುವವರ ಸಂಬಳಕ್ಕೆ ನಾವು ಐದು ಮನೆಯವರು ಕೈಯಿಂದ ಹಾಕಿದೆವು. ಮೊದಲು ಕೊಟ್ಟಿದ್ದು ಅವರಿಗೇ, ಲಿಫ್ಟ್ ಕಂಪನಿ ಬಿಲ್ ಆಮೇಲೆ.