ಮಾದರಿ ಕಟ್ಟೋಕೆ ಕಟರ್, ಚಾಕು, ಗರಗಸ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ಪ್ರಶ್ನೆ: ಸರ್, 1:72 ಅಳತೆಯ ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟೋಕೆ ಶುರು ಮಾಡಿದ್ದೀನಿ. ಆಮೇಲೆ ಬಾಲ್ಸಾ ಮರದಲ್ಲಿ ಗ್ಲೈಡರ್ ಮಾಡೋ ಆಸೆನೂ ಇದೆ. ಸದ್ಯಕ್ಕೆ ಉಗುರು ಕತ್ತರಿಸೋ ನೇಲ್ ಕಟರ್ ಮತ್ತು ಪೇಪರ್ ಕಟರ್ ಬಿಟ್ಟರೆ ಬೇರೇನಿಲ್ಲ. ಬಿಡಿಭಾಗ ಕತ್ತರಿಸಿದ ಜಾಗ ಬೆಳ್ಳಗಾಗ್ತಿದೆ, ಒಂದೆರಡು ಕಡೆ ಕಿತ್ತೂ ಬಂದಿದೆ. ಆನ್‌ಲೈನ್‌ನಲ್ಲಿ 40 ತುಂಡುಗಳ ಅಗ್ಗದ ಸೆಟ್ ನೋಡಿದೆ. ಅದನ್ನೇ ತಗೊಂಡ್ರೆ ಆಗುತ್ತಾ?

ಉತ್ತರ (ವೃತ್ತಿಪರ ಮಾದರಿ ತಯಾರಕರು): ಸೆಟ್ ಬೇಡ. ಆ 40ರಲ್ಲಿ ಹತ್ತಾರು ಆಕಾರದ ಬ್ಲೇಡ್‌ಗಳೇ ತುಂಬಿರುತ್ತವೆ, ಕೈ ಹೋಗುವುದು ಮಾತ್ರ ಚೂಪು ಮೊನೆಯ 11ನೇ ನಂಬರಿನ ಬ್ಲೇಡ್‌ಗೆ. ಹಿಡಿಯಲ್ಲಿ ಬ್ಲೇಡನ್ನು ಬಿಗಿ ಮಾಡುವ ಮೆದು ಅಲ್ಯುಮಿನಿಯಂ ಮರೆ (ಸ್ಕ್ರೂ ತಿರುವು) ಬೇಗ ಸವೆಯುತ್ತದೆ. ಆಮೇಲೆ ಎಷ್ಟು ತಿರುಗಿಸಿ ಬಿಗಿ ಮಾಡಿದರೂ ಬ್ಲೇಡ್ ಅಲ್ಲಾಡುತ್ತದೆ. ಅಲ್ಲಾಡುವ ಬ್ಲೇಡಿನಿಂದ ನೇರ ಗೆರೆ ಬರುವುದಿಲ್ಲ, ಬೆರಳಿಗೂ ಅಪಾಯ.

ಅದೇ ದುಡ್ಡಿನಲ್ಲಿ ನಾಲ್ಕು ವಸ್ತು ತೆಗೆದುಕೊಳ್ಳಿ: ಒಂದು ನಿಪ್ಪರ್ (ಬಿಡಿಭಾಗ ಕತ್ತರಿಸುವ, ಇಕ್ಕಳದಂಥ ಸಣ್ಣ ಕಟರ್), ಒಂದು ಚಾಕುವಿನ ಹಿಡಿ ಮತ್ತು ಅದಕ್ಕೆ ಹೊಂದುವ 11ನೇ ನಂಬರಿನ ಬ್ಲೇಡ್‌ಗಳ ಒಂದು ಪ್ಯಾಕು, ಒಂದು ಸ್ಟೀಲ್ ಸ್ಕೇಲು, ಒಂದು ಕಟಿಂಗ್ ಮ್ಯಾಟ್. ಹಿಡಿ ಸಾಧಾರಣದ್ದಾದರೂ ನಡೆಯುತ್ತದೆ, ಬ್ಲೇಡಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಈಗ ಬೆಳ್ಳಗಾಗುವ ವಿಷಯ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನೇಲ್ ಕಟರಿನ ಎರಡು ಬಾಯಿಯೂ ದಪ್ಪ ಬೆಣೆಯಂತೆ ಒಳಗೆ ನುಗ್ಗಿ ಪ್ಲಾಸ್ಟಿಕ್ಕನ್ನು ಎರಡೂ ಕಡೆಗೆ ಹಿಂಜುತ್ತವೆ. ಹಿಂಜಿದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೆದ್ದು ಬೆಳಕನ್ನು ಚದುರಿಸುತ್ತವೆ, ಅದೇ ಆ ಬಿಳಿ ಕಲೆ. ಒಳ್ಳೆಯ ನಿಪ್ಪರಿನಿಂದ ಕೂಡ ಒಂದೇ ಏಟಿಗೆ ಭಾಗದ ಅಂಚಿಗೇ ಕತ್ತರಿಸಿದರೆ ಇದೇ ಗತಿ. ಮೊದಲು ಭಾಗದಿಂದ 3-4 ಮಿ.ಮೀ. ದೂರದಲ್ಲಿ ಕತ್ತರಿಸಿ, ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸಿಕೊಳ್ಳಿ. ಆಗ ಭಾಗಕ್ಕೆ ಅಂಟಿ ಉಳಿದ ಮೊಳಕೆ ಎರಡೂ ಕಡೆ ಸಿಕ್ಕಿಕೊಂಡಿರುವುದಿಲ್ಲ, ಕತ್ತರಿಸುವಾಗ ಆಚೆ ಸರಿಯಲು ಅದಕ್ಕೆ ಜಾಗವಿರುತ್ತದೆ. ನಿಪ್ಪರಿನ ಚಪ್ಪಟೆ ಬೆನ್ನು ಭಾಗದ ಕಡೆಗಿರುವಂತೆ ಹಿಡಿದು, ಅರ್ಧದಿಂದ 1 ಮಿ.ಮೀ. ಉಳಿಸಿ ಎರಡನೇ ಸಲ ಕತ್ತರಿಸಿ. ಉಳಿದದ್ದನ್ನು ಚಾಕುವಿನಿಂದ ಪದರ ಪದರವಾಗಿ ಸವರಿ, ಕೊನೆಗೆ 400 ಗ್ರಿಟ್‌ನ ನಯವಾದ ಉಪ್ಪುಕಾಗದದಿಂದ ಉಜ್ಜಿ. ಪಾರದರ್ಶಕ ಭಾಗಗಳಿಗೆ, ಅಂದರೆ ಕಾಕ್‌ಪಿಟ್ ಮುಚ್ಚಳದಂಥವಕ್ಕೆ, ನಿಪ್ಪರನ್ನು ಅಂಚಿನ ಹತ್ತಿರಕ್ಕೂ ಒಯ್ಯಬೇಡಿ. ಅವು ಸೀಳುತ್ತವೆ. ಅಲ್ಲಿ ಸಣ್ಣ ಹಲ್ಲಿನ ಗರಗಸವೇ ಬೇಕು.

ಪ್ರಶ್ನೆ: ನಿಪ್ಪರ್ ಒಳ್ಳೇದಾ ಅಂತ ಕೈಯಲ್ಲಿ ಹಿಡಿದಾಗ ಗೊತ್ತಾಗೋದು ಹೇಗೆ? ಒಂದೇ ಕಡೆ ಹರಿತ ಇರೋ ದುಬಾರಿ ನಿಪ್ಪರ್ ಬಗ್ಗೆ ಎಲ್ಲರೂ ಹೊಗಳ್ತಾರೆ.

ಉತ್ತರ: ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಯ ಕಡೆಯ 5 ಮಿ.ಮೀ.ನಲ್ಲಿ ಬೆಳಕಿನ ಗೆರೆ ಕಂಡರೆ ಬೇಡ. ಎರಡು ಹಿಡಿಗಳನ್ನು ಮೇಲೆ-ಕೆಳಗೆ ಅಲ್ಲಾಡಿಸಿ ನೋಡಿ, ಕೀಲು ಸಡಿಲವಿದ್ದರೆ ಬಾಯಿಗಳು ಒಂದರ ಪಕ್ಕ ಒಂದು ಜಾರಿ ಪ್ಲಾಸ್ಟಿಕ್ಕನ್ನು ತಿರುಚುತ್ತವೆ. ಬೆನ್ನು ಚಪ್ಪಟೆಯಾಗಿರಬೇಕು. ಎಲೆಕ್ಟ್ರಾನಿಕ್ಸ್ ಕೆಲಸದವರು ಕಾಂಪೊನೆಂಟಿನ ಕಾಲು ಕತ್ತರಿಸಲು ಬಳಸುವ ಸಣ್ಣ ಫ್ಲಶ್ ಕಟರ್ ಅಗ್ಗ, ಮೊದಲ ಕೆಲವು ಕಿಟ್‌ಗಳಿಗೆ ಅದೇ ಸಾಕು.

ಒಂದೇ ಕಡೆ ಹರಿತವಿರುವುದರಲ್ಲಿ ಇನ್ನೊಂದು ಬಾಯಿ ಬರೀ ಒತ್ತುಮಣೆ. ಕತ್ತರಿಸಿದ ಜಾಗ ನಿಜಕ್ಕೂ ನುಣುಪಾಗಿರುತ್ತದೆ, ಹೊಗಳಿಕೆ ಸುಳ್ಳಲ್ಲ. ಆದರೆ ಆ ಅಲಗು ತುಂಬಾ ತೆಳು. ದಪ್ಪ ಚೌಕಟ್ಟು ಕತ್ತರಿಸಿದರೆ ಅಥವಾ ಕತ್ತರಿಸುವಾಗ ಮಣಿಕಟ್ಟು ಸ್ವಲ್ಪ ತಿರುಚಿದರೆ ಚಕ್ಕೆ ಏಳುತ್ತದೆ. ಕೈ ಪಳಗುವ ಮುಂಚೆ ಅದನ್ನು ಕೊಳ್ಳುವುದು ದುಡ್ಡು ಕೊಟ್ಟು ಭಯ ತಂದುಕೊಂಡಂತೆ.

ಇನ್ನೊಬ್ಬ ಸದಸ್ಯರು: ಇದಕ್ಕೊಂದು ಮಾತು ಸೇರಿಸ್ತೀನಿ. ಪ್ಲಾಸ್ಟಿಕ್ಕಿನ ನಿಪ್ಪರಲ್ಲಿ ಸ್ಟೀಲ್ ತಂತಿ ಕತ್ತರಿಸಬೇಡಿ, ಗ್ಲೈಡರಿನ ಕೊಕ್ಕೆಗೆ ಬಳಸೋ ಪಿಯಾನೋ ತಂತಿ, ಅಂದ್ರೆ ತುಂಬಾ ಗಟ್ಟಿ ಸ್ಟೀಲ್ ತಂತಿಯಂತೂ ಬೇಡವೇ ಬೇಡ. ಒಂದೇ ಸಲಕ್ಕೆ ಅಲಗಿನಲ್ಲಿ ಅರ್ಧಚಂದ್ರದ ಹಾಗೆ ಗುಳಿ ಬೀಳುತ್ತೆ. ಆಮೇಲೆ ಪ್ರತಿ ಕಡಿತದಲ್ಲೂ ಅಲ್ಲೊಂದು ಸಣ್ಣ ಗುಬುಟು ಉಳಿದುಬಿಡುತ್ತೆ.

ಉತ್ತರ: ಹೌದು. ಗಟ್ಟಿ ತಂತಿಗೆಂದೇ ಮಾಡಿದ ಕಟರ್ ಬೇರೆ ಇದೆ. ಇಲ್ಲದಿದ್ದರೆ ರೋಟರಿ ಟೂಲಿಗೆ (ತುದಿ ವೇಗವಾಗಿ ತಿರುಗುವ ಸಣ್ಣ ಕೈಯಂತ್ರ) ಕತ್ತರಿಸುವ ಡಿಸ್ಕ್ ಹಾಕಿ ಕತ್ತರಿಸಬಹುದು. ಆ ಡಿಸ್ಕ್ ಒಡೆದು ಹಾರುತ್ತದೆ, ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಸ್ವಿಚ್ ಒತ್ತಬೇಡಿ.

ಪ್ರಶ್ನೆ: ಮೇಡಂ ಒಬ್ಬರು ಸರ್ಜಿಕಲ್ ಬ್ಲೇಡ್ ತಗೊಳ್ಳಿ, ಅಗ್ಗ ಅಂದ್ರು. ಹಾಬಿ ಚಾಕುವಿನ 11ನೇ ನಂಬರೂ ಅದೂ ಒಂದೇನಾ?

ಉತ್ತರ: ನಂಬರ್ ಒಂದೇ, ವಸ್ತು ಒಂದಲ್ಲ. ಈ ಗೊಂದಲದಿಂದ ತಪ್ಪು ಪ್ಯಾಕು ತರುವವರು ಬಹಳ. ಹಾಬಿ ಚಾಕುವಿನ ಬ್ಲೇಡು ಪೆನ್ನಿನಂಥ ಹಿಡಿಯ ಸೀಳಿನೊಳಗೆ ಕೂತು, ಸುತ್ತಲಿನ ಮರೆಯಿರುವ ಬಳೆ ತಿರುಗಿಸಿದಾಗ ಬಿಗಿಯಾಗುತ್ತದೆ. ಸರ್ಜಿಕಲ್ ಬ್ಲೇಡಿನ ನಡುವೆ ಉದ್ದನೆಯ ರಂಧ್ರವಿದ್ದು, ಹಿಡಿಯ ತುದಿಯ ಕಚ್ಚಿಗೆ ಜಾರಿ ಕೂರುತ್ತದೆ. ಅದಕ್ಕೆ 3ನೇ ನಂಬರಿನ ಹಿಡಿ ಬೇಕು, ಅದರಲ್ಲಿ 10, 11, 12, 15 ಕೂರುತ್ತವೆ. 20ರಿಂದ ಮೇಲಿನ ದೊಡ್ಡ ಬ್ಲೇಡುಗಳಿಗೆ 4ನೇ ನಂಬರಿನ ಹಿಡಿ.

ಸರ್ಜಿಕಲ್ ಬ್ಲೇಡು ತೆಳು, ಹೆಚ್ಚು ಹರಿತ. ಡೀಕಾಲ್ (ಮಾದರಿಯ ಮೇಲೆ ಅಂಟಿಸುವ ಗುರುತಿನ ಚಿತ್ರ), ಮಾಸ್ಕಿಂಗ್ ಟೇಪ್, ತೆಳು ಕಾಗದ, ಅಂಚು ಸವರುವುದು ಇವಕ್ಕೆಲ್ಲ ಅದರಷ್ಟು ಚೆನ್ನಾದದ್ದಿಲ್ಲ. ಪಕ್ಕಕ್ಕೆ ಮೀಟಿದರೆ ಮಾತ್ರ ಮೊನೆ ಟಪ್ಪೆಂದು ಮುರಿದು ಎಲ್ಲಿಗೆ ಹಾರಿತೆಂದೇ ತಿಳಿಯುವುದಿಲ್ಲ. ದಪ್ಪ ಪ್ಲಾಸ್ಟಿಕ್ಕಿಗೆ, ಒತ್ತಿ ಕತ್ತರಿಸುವ ಕೆಲಸಕ್ಕೆ ಹಾಬಿ ಚಾಕುವೇ ಸರಿ. ಕಾರ್ಬನ್ ಸ್ಟೀಲ್ ಬ್ಲೇಡು ಹೆಚ್ಚು ಹರಿತ, ಆದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ. ಬಳಸುವಾಗ ಮಾತ್ರ ಪೊಟ್ಟಣ ಬಿಡಿಸಿ. ಸರ್ಜಿಕಲ್ ಬ್ಲೇಡು ತೆಗೆಯುವಾಗ ಬೆರಳು ಬೇಡ: ಇಕ್ಕಳದಿಂದ ಬುಡದ ಅಂಚನ್ನು ಸ್ವಲ್ಪ ಎತ್ತಿ, ನಿಮ್ಮಿಂದ ಆಚೆಗೆ ಜಾರಿಸಿ. ಎರಡು ಬಗೆಯಲ್ಲಿ ಯಾವುದಾದರೂ ಮೇಜಿನಿಂದ ಜಾರಿದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದೆಗೆದುಕೊಳ್ಳಿ.

ಪ್ರಶ್ನೆ: ಬ್ಲೇಡ್ ಎಷ್ಟು ದಿನಕ್ಕೆ ಬದಲಿಸಬೇಕು?

ಉತ್ತರ: ದಿನದ ಲೆಕ್ಕವಿಲ್ಲ. ದೀಪದ ಕೆಳಗೆ ಅಲಗನ್ನು ಮೇಲ್ಮುಖ ಮಾಡಿ ನೇರ ನೋಡಿ. ಹರಿತವಾದ ಅಂಚು ಕಾಣಿಸುವುದಿಲ್ಲ. ಮೊಂಡಾದ ಕಡೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುರುಳಿ ಏಳುವ ಬದಲು ಪುಡಿ ಉದುರಿದರೆ, ಫೋಮ್ ಬೋರ್ಡಿನ ಒಳಗಿನ ನೊರೆ ಕಿತ್ತು ಬಂದರೆ, ಬಾಲ್ಸಾದ ಅಡ್ಡ ಕಡಿತದಲ್ಲಿ ನಾರು ನುಜ್ಜಾದರೆ ಆ ಬ್ಲೇಡಿನ ಕಥೆ ಮುಗಿಯಿತು. ಮೊಂಡು ಬ್ಲೇಡಿಗೆ ಹೆಚ್ಚು ಒತ್ತಡ ಬೇಕು, ಹೆಚ್ಚು ಒತ್ತಿದಾಗಲೇ ಕೈ ಜಾರುವುದು.

ಇನ್ನೊಬ್ಬ ಸದಸ್ಯರು: ನಾನು ಕಟ್ಟೋದು ರಟ್ಟಿನ ಮನೆಗಳು ಮಾತ್ರ. ಬ್ಲೇಡ್ ಮುರಿದು ಬಳಸೋ ಕಟರ್ ಸಾಲಲ್ವಾ?

ಉತ್ತರ: ಧಾರಾಳ ಸಾಕು. 9 ಮಿ.ಮೀ. ಅಗಲದ್ದು ತೆಗೆದುಕೊಂಡು, ಮೊನೆ 30 ಡಿಗ್ರಿ ಇರುವ ಬ್ಲೇಡ್ ಹಾಕಿ, ಮೂಲೆಗಳು ಸ್ವಚ್ಛವಾಗಿ ಬರುತ್ತವೆ. ಬ್ಲೇಡು ಕೊಳವೆಯೊಳಗೆ ಅಕ್ಕಪಕ್ಕ ಅಲ್ಲಾಡಬಾರದು, ಅಗ್ಗದವುಗಳ ದೋಷ ಅದೇ. ಒಂದೆರಡು ತುಂಡಿನಷ್ಟೇ ಹೊರಗೆ ಬಿಡಿ. ದಪ್ಪ ಫೋಮ್ ಬೋರ್ಡಿಗೆ ಮಾತ್ರ ಉದ್ದಕ್ಕೆ ಬಿಟ್ಟು, ಓರೆಯಾಗಿ ಮಲಗಿಸಿ ಎಳೆಯಬೇಕು. ಮೊಂಡಾದ ತುಂಡನ್ನು ಮುರಿದು ಹೊಸ ಮೊನೆ ಪಡೆಯುವ ಈ ಉಪಾಯ 1956ರಲ್ಲಿ ಜಪಾನಿನ ಯೋಶಿಯೊ ಒಕಾಡಾ ಅವರದು. ಮುರಿದು ತಿನ್ನುವ ಚಾಕೊಲೇಟ್ ಪಟ್ಟಿಯಿಂದ ಹೊಳೆದದ್ದಂತೆ. ಆ ಸವಲತ್ತು ಇರುವಾಗ ತುಂಡು ಮುರಿಯಲು ಲೋಭ ಯಾಕೆ?

ಪ್ರಶ್ನೆ: ಬಾಲ್ಸಾ ಹಲಗೆ ಉದ್ದಕ್ಕೆ ಕತ್ತರಿಸುವಾಗ ಬ್ಲೇಡು ಸ್ಕೇಲ್ ಬಿಟ್ಟು ಮರದ ಎಳೆಯ (ನಾರಿನ) ಹಿಂದೆ ಹೋಗ್ತಿದೆ.

ಉತ್ತರ: ಮೊದಲನೇ ಗೆರೆಯಲ್ಲೇ ಒತ್ತುತ್ತಿದ್ದೀರಿ. ಮೊದಲ ಸಲ ಬರೀ ಚಾಕುವಿನ ಭಾರದಲ್ಲಿ ಗೀರಿ, ಎರಡನೆಯ ಸಲ ಆ ಗೀರೇ ದಾರಿ ತೋರಿಸುತ್ತದೆ. 1.5 ಮಿ.ಮೀ. ಹಲಗೆಗೆ ಮೂರು ನಾಲ್ಕು ಸಲ ಎಳೆಯಬೇಕು. ಸ್ಕೇಲನ್ನು ನಿಮಗೆ ಬೇಕಾದ ಭಾಗದ ಮೇಲಿಡಿ, ಜಾರಿದರೂ ಬೇಡದ ಕಡೆ ಹಾಳಾಗಲಿ. ಮರದ ಎಳೆ ಹಲಗೆಯ ಅಂಚಿಗೆ ಸ್ವಲ್ಪ ಓರೆಯಾಗಿಯೇ ಇರುತ್ತದೆ. ಅದು ಬ್ಲೇಡನ್ನು ಸ್ಕೇಲಿನ ಕಡೆಗೆ ತಳ್ಳುವ ದಿಕ್ಕು ಯಾವುದೆಂದು ನೋಡಿ ಆ ಕಡೆಯಿಂದ ಎಳೆಯಿರಿ. ಅಡ್ಡ ಕತ್ತರಿಸುವಾಗ ಕೊನೆಯ ಅಂಚು ಸೀಳುತ್ತದೆ, ಆದ್ದರಿಂದ ಮುಗಿಯುವ ಕಡೆ ಮೊದಲೇ ಒಂದು ಸಣ್ಣ ಕಚ್ಚು ಹಾಕಿ.

ಸ್ಕೇಲು ಸ್ಟೀಲಿನದೇ ಇರಲಿ, ದಪ್ಪ 1 ಮಿ.ಮೀ. ಇದ್ದರೆ ಬ್ಲೇಡು ಅದರ ಮೇಲೆ ಹತ್ತುವುದಿಲ್ಲ. ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಸ್ಕೇಲುಗಳ ಅಂಚು ಬ್ಲೇಡಿಗೇ ಸಿಕ್ಕಿ ಸವೆಯುತ್ತದೆ. ಜಾರದಂತೆ ಕೆಳಗೆ ಉಪ್ಪುಕಾಗದದ ಪಟ್ಟಿ ಅಂಟಿಸಿಕೊಳ್ಳಿ.

ಪ್ರಶ್ನೆ: ಪಾಲಿಸ್ಟೈರೀನ್ ಹಾಳೆಗೂ ಇದೇ ಕ್ರಮನಾ?

ಉತ್ತರ: ಅದನ್ನು ಪೂರ್ತಿ ಕತ್ತರಿಸಲೇಬೇಕಾಗಿಲ್ಲ. 1 ಮಿ.ಮೀ. ಹಾಳೆಗೆ ನಾಲ್ಕೈದು ಸಲ ಗೀರಿ, ಗೀರು ಬಾಯಿ ತೆರೆಯುವ ಹಾಗೆ ಬಾಗಿಸಿದರೆ ಲಟಕ್ಕೆಂದು ನೇರ ಮುರಿಯುತ್ತದೆ. ಗೀರಿನ ಪಕ್ಕ ಸಣ್ಣ ದಿಬ್ಬ ಎದ್ದಿರುತ್ತದೆ, ಬ್ಲೇಡಿನ ಬೆನ್ನಿನಿಂದ ಕೆರೆದುಬಿಡಿ. ಕೆರೆಯದೆ ಅಂಟಿಸಿದರೆ ಜೋಡಣೆಯಲ್ಲಿ ಸಂದು ಉಳಿಯುತ್ತದೆ. ಅಕ್ರಿಲಿಕ್ಕಿಗೆ ಕೊಕ್ಕಿನಾಕಾರದ ಪ್ಲಾಸ್ಟಿಕ್ ಕಟರ್ ಬೇಕು, ಅದು ಗೀರುವ ಬದಲು ಎಳೆಯಾಗಿ ಕೆತ್ತಿ ತೆಗೆಯುತ್ತದೆ.

ಪ್ರಶ್ನೆ: ಗರಗಸ, ರೋಟರಿ ಟೂಲ್?

ಉತ್ತರ: ಐದನೇ ಖರೀದಿ ರೇಜರ್ ಗರಗಸ, ಅಂದರೆ ತೆಳು ಅಲಗಿನ ಸಣ್ಣ ಗರಗಸ. ಇಂಚಿಗೆ 40ರ ಆಸುಪಾಸು ಹಲ್ಲಿರಲಿ, ಬೆನ್ನಿಗೆ ಗಟ್ಟಿ ಪಟ್ಟಿ ಇರಲಿ. ಅಕ್ಕಸಾಲಿಗರ ಗರಗಸದ ಎಳೆ (ದಾರದಂಥ ತೆಳು ಬ್ಲೇಡು) ಹಾಕುವುದಾದರೆ ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರಬೇಕು. ತಗಡಿನ ದಪ್ಪದಲ್ಲಿ ಎರಡು ಮೂರು ಹಲ್ಲಾದರೂ ಕೂರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಎಳೆ ಮುರಿಯುತ್ತದೆ. ಅಷ್ಟು ಹಲ್ಲು ಕೂರದಷ್ಟು ತೆಳುವಾದ ಹಿತ್ತಾಳೆಯನ್ನು ಎರಡು ಪ್ಲೈವುಡ್ ಚೂರುಗಳ ನಡುವೆ ಅದುಮಿ, ಮೂರನ್ನೂ ಒಟ್ಟಿಗೆ ಕೊಯ್ಯಿರಿ. ಕಿಟ್‌ನ ಜೊತೆ ಬರುವ ಕೆತ್ತಿದ ಹಿತ್ತಾಳೆ ಹಾಳೆಯ ಭಾಗಗಳನ್ನು ಮ್ಯಾಟಿನ ಮೇಲಲ್ಲ, ಗಾಜು ಅಥವಾ ಟೈಲಿನ ಮೇಲಿಟ್ಟು ಕತ್ತರಿಸಿ. ಮ್ಯಾಟು ಮೆದು, ಭಾಗ ಬಾಗುತ್ತದೆ.

ರೋಟರಿ ಟೂಲ್ ಈಗ ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಅಗ್ಗದ ಯಂತ್ರಗಳು ಕನಿಷ್ಠ ವೇಗದಲ್ಲೇ ಅಷ್ಟು ಬಿಸಿ ಹುಟ್ಟಿಸಿ ಪ್ಲಾಸ್ಟಿಕ್ಕನ್ನು ಕರಗಿಸಿ, ತಿರುಗುವ ಡ್ರಿಲ್ ಬಿಟ್‌ಗೇ ಮೆತ್ತುತ್ತವೆ. ತೂತಿಗೆ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, ಅಂದರೆ ಪಿನ್ ವೈಸ್ ಸಾಕು.

ಪ್ರಶ್ನೆ: ಕೊನೇದು ಸರ್, ಹಳೇ ಬ್ಲೇಡುಗಳನ್ನ ಏನ್ ಮಾಡ್ಲಿ?

ಉತ್ತರ: ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯ ಮೇಲೆ ಸೀಳು ಕೊರೆದು ಅದರೊಳಗೆ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಸೀಳಿಗೂ ಮುಚ್ಚಳಕ್ಕೂ ಟೇಪ್ ಸುತ್ತಿ, ಒಳಗೆ ಬ್ಲೇಡಿದೆ ಎಂದು ಮೇಲೆ ದೊಡ್ಡದಾಗಿ ಬರೆದು ಕೊಡಿ. ಮೊನೆ ಮಾತ್ರ ಮುರಿದ ಒಂದೆರಡನ್ನು ಉಳಿಸಿಕೊಳ್ಳಿ. ಪುಟ್ಟಿ ಕೆರೆಯಲು, ಸೂಪರ್ ಗ್ಲೂ ಹನಿ ಹಚ್ಚಲು ಅವು ಬೇಕಾಗುತ್ತವೆ.