ಸುಣ್ಣಕ್ಕೆ ಕೆಂಪಾಗೋ ಅರಿಶಿನ ಅಡುಗೆ ಸೋಡಾಕ್ಕೆ ಯಾಕೆ ಕೆಂಪಾಗಲ್ಲ?

ಹತ್ತನೇ ಕ್ಲಾಸಿನ ಅಮ್ಮ:
ಮಗಳಿಗೆ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನಡೀತಿದೆ. ಪ್ರಾಜೆಕ್ಟಿಗೆ ಅಂತ ಅರಿಶಿನ ಕಲಸಿದ ನೀರನ್ನ ಲೋಟಗಳಿಗೆ ಹಾಕ್ಕೊಂಡು ಅಡುಗೆಮನೆ ಕಟ್ಟೆ ಪೂರ್ತಿ ಹರಡಿಕೊಂಡಿದ್ದಾಳೆ. ಎಲೆಯಡಿಕೆ ಸುಣ್ಣ ಒಂಚೂರು ಹಾಕಿದ್ದೇ ತಡ, ಆರತಿ ನೀರಿನ ಹಾಗೆ ಕೆಂಪಾಯ್ತು. ಬಟ್ಟೆ ಸೋಪಿಗೂ ಕೆಂಪು. ಅಡುಗೆ ಸೋಡಾಕ್ಕೆ ಮಾತ್ರ ಹಳದಿ ಸ್ವಲ್ಪ ಕಿತ್ತಳೆ ಕಡೆ ವಾಲಿದ ಹಾಗೆ ಕಾಣ್ಸುತ್ತೆ, ಅಷ್ಟೇ. ಇನ್ನೂ ಒಂದು ಚಮಚ ಸುರಿದ್ಲು, ಏನೂ ಬದಲಾಗಲಿಲ್ಲ. ಸೋಡಾನೂ ಪ್ರತ್ಯಾಮ್ಲೀಯ ಅಂತ ಪುಸ್ತಕದಲ್ಲಿದೆ. ನಾನು ಓದಿದ್ದು ಕಾಮರ್ಸು, ನನಗೆ ಹೊಳೀತಿಲ್ಲ. ಸೋಡಾ ಹಳೇದಾಗಿರಬಹುದಾ? ಹಾಳೆಯಲ್ಲಿ ಏನು ಬರೀಲಿ ಅಂತ ತಲೆ ತಿನ್ತಿದ್ದಾಳೆ.

ಕೇಕ್ ಪ್ರಿಯ:
ಅದು ಬೇಕಿಂಗ್ ಪೌಡರ್ ಅಲ್ಲ ತಾನೇ? ಅದರಲ್ಲಿ ಸೋಡಾ ಜೊತೆ ಆಮ್ಲದ ಪುಡೀನೂ ಬೆರೆಸಿರ್ತಾರೆ. ಬರೀ ನೀರು ಹಾಕಿ ನೋಡಿ, ನೊರೆ ಬಂದ್ರೆ ಬೇಕಿಂಗ್ ಪೌಡರ್.

ಹತ್ತನೇ ಕ್ಲಾಸಿನ ಅಮ್ಮ:
ನೀರಿಗೆ ನೊರೆ ಬರ್ಲಿಲ್ಲ, ನಿಂಬೆರಸಕ್ಕೆ ಭುಸ್ ಅಂತು. ಸೋಡಾನೇ.

ನಿವೃತ್ತ ವಿಜ್ಞಾನ ಮೇಷ್ಟ್ರು:
ನೋಡಮ್ಮ, ಸೋಡಾ ಚೆನ್ನಾಗೇ ಇದೆ. ಮಗು ಕಂಡದ್ದೂ ಸರಿ, ಪುಸ್ತಕದಲ್ಲಿರೋದೂ ಸರಿ. ತಕರಾರು ಇರೋದೆಲ್ಲ ಅರಿಶಿನದ್ದು.

ಅರಿಶಿನಕ್ಕೆ ಬಣ್ಣ ಕೊಡೋದು ಕರ್ಕ್ಯುಮಿನ್. ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ, 7ರ ಮೇಲೆ ಹೋದಷ್ಟೂ ಕ್ಷಾರ ಜಾಸ್ತಿ) ಸುಮಾರು 7.4ರವರೆಗೆ ಅದು ಹಳದಿ, 8.6 ದಾಟಿದ ಮೇಲೆ ಕೆಂಪು. ನಡುವೆ ಎರಡೂ ಬೆರೆತಿರುತ್ತವೆ. ಅಡುಗೆ ಸೋಡಾ ಕರಗಿದ ನೀರಿನ ಪಿಎಚ್ ಸುಮಾರು 8.3. ಹೊಸ್ತಿಲ ಮೇಲೆ ನಿಂತು ಒಳಗೂ ಬರದೆ ಹೊರಗೂ ಹೋಗದೆ ಇರೋ ನೆಂಟರ ಹಾಗೆ. ಅದಕ್ಕೇ ಆ ಅರೆಬರೆ ಕಿತ್ತಳೆ. ಸುಣ್ಣದ ತಿಳಿನೀರಿನ ಪಿಎಚ್ 12ರ ಮೇಲಿರುತ್ತೆ. ಪಿಎಚ್ ಒಂದು ಮೆಟ್ಟಿಲು ಏರಿದರೆ ಕ್ಷಾರೀಯತೆ ಹತ್ತು ಪಟ್ಟು. ಅಂದರೆ ಸೋಡಾಕ್ಕೂ ಸುಣ್ಣಕ್ಕೂ ಇರೋ ಅಂತರ ಹತ್ತು ಸಾವಿರ ಪಟ್ಟು! ಮಕ್ಕಳು 8ಕ್ಕೂ 12ಕ್ಕೂ ಬರೀ ನಾಲ್ಕು ವ್ಯತ್ಯಾಸ ಅಂದುಕೊಂಡಿರ್ತಾರೆ.

ಇನ್ನೊಂದು ಚಮಚ ಹಾಕಿದರೂ ಯಾಕೆ ಬದಲಾಗಲಿಲ್ಲ ಅನ್ನೋದು ಒಳ್ಳೇ ಪ್ರಶ್ನೆ. ಸೋಡಾದಲ್ಲಿರೋ ಹೈಡ್ರೋಜನ್ ಕಾರ್ಬೋನೇಟ್ ಅಯಾನು ಎರಡೂ ಕಡೆಯದು. ಪ್ರೋಟಾನು (ಆಮ್ಲೀಯತೆ ತರೋ H⁺ ಅಯಾನು) ತಗೊಳ್ಳೋಕೂ ಸಿದ್ಧ, ಕೊಡೋಕೂ ಸಿದ್ಧ. ಹಾಗಾಗಿ ಎಷ್ಟು ಸುರಿದರೂ ಪಿಎಚ್ 8.3ರ ಆಸುಪಾಸಿನಲ್ಲೇ ಇರುತ್ತೆ.

ಹಾಗಾದರೆ ಕೆಂಪು ಲಿಟ್ಮಸ್ ಸೋಡಾಕ್ಕೆ ನೀಲಿ ಆಗುತ್ತಲ್ಲ ಅಂತ ಮಗು ಕೇಳಬಹುದು. ಲಿಟ್ಮಸ್ ಬಣ್ಣ ಬದಲಾಯಿಸೋದು 5ರಿಂದ 8ರೊಳಗೆ, ಸೋಡಾ ಹತ್ತಿರ ಬರೋ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತೆ. (ಲಿಟ್ಮಸ್ ತೆಗೆಯೋದು ಕಲ್ಲುಹೂವಿನ ಜಾತಿಯ ಲೈಕೆನ್‌ಗಳಿಂದ. ಮಸಾಲೆ ಡಬ್ಬಿಯಲ್ಲಿದ್ದರೆ ತೋರಿಸಿ.) ಪ್ರತಿ ಸೂಚಕಕ್ಕೂ ಅದರದ್ದೇ ಗಡಿ ಇದೆ. ಗೈಡುಗಳಲ್ಲಿ "ಅರಿಶಿನ + ಪ್ರತ್ಯಾಮ್ಲ = ಕೆಂಪು" ಅಂತ ಒಂದೇ ಸಾಲು ಹಾಕಿಬಿಡ್ತಾರೆ, ನನಗೆ ಅದನ್ನ ಕಂಡರೆ ಈಗಲೂ ಕೋಪ ಬರುತ್ತೆ.

ಈಗ ಮಜಾ ಮಾಡಿ. ಅದೇ ಸೋಡಾವನ್ನ 10 ಗ್ರಾಂ ತೂಗಿ ಒಣಗಿದ ಸ್ಟೀಲ್ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸಿ. ಬಿಸಿ ಏರಿದ ಮೇಲೆ ಪುಡಿ ಅಲ್ಲಲ್ಲಿ ಉಬ್ಬಿ ಕುಣಿಯುತ್ತೆ, ಅದರೊಳಗಿಂದ ಕಾರ್ಬನ್ ಡೈಆಕ್ಸೈಡೂ ನೀರಾವಿಯೂ ಹೊರಟಿದೆ ಅಂತ ಅರ್ಥ. ಮೇಲೆ ತಣ್ಣಗಿರೋ ತಟ್ಟೆ ಹಿಡಿದರೆ ಹನಿ ಕೂಡುತ್ತೆ. ಕೊನೆಗೆ ಬಾಣಲೆಯಲ್ಲಿ ಉಳಿಯೋದು ಸೋಡಿಯಂ ಕಾರ್ಬೋನೇಟ್. ಲೆಕ್ಕದ ಪ್ರಕಾರ 168 ಗ್ರಾಂಗೆ 106 ಗ್ರಾಂ, ಅಂದರೆ ನಿಮ್ಮ 10 ಗ್ರಾಂ 6.3 ಆಗಬೇಕು. ಆರಿದ ಮೇಲೆ ಒಂದು ಚಿಟಿಕೆ ಅರಿಶಿನದ ನೀರಿಗೆ ಹಾಕಲಿ. ಪಿಎಚ್ 11ರ ಹತ್ತಿರ ಹೋಗಿರುತ್ತೆ, ತಕ್ಷಣ ಕೆಂಪು. ಹುರಿದ ಪುಡಿ ಕಣ್ಣಿಗೆ ಬೀಳದಂತೆ ನೋಡ್ಕೊಳ್ಳಿ, ಸೋಡಾ ಡಬ್ಬಿಗೆ ವಾಪಸ್ ಸುರೀಬೇಡಿ.

ಹಾಳೆಯಲ್ಲಿ ಕಂಡದ್ದನ್ನೇ ಬರೀಲಿ. "ಕೆಂಪಾಗಲಿಲ್ಲ, ಆದ್ದರಿಂದ ಪ್ರತ್ಯಾಮ್ಲೀಯ ಅಲ್ಲ" ಅಂತ ಮಾತ್ರ ಬರೆಯೋದು ಬೇಡ.

ಶಿರಸಿ ಕಡೆಯವಳು:
ಸರ್, ಆರತಿ ನೀರಿನ ಮಾತು ಬಂತಲ್ಲ, ಒಂದು ಅನುಮಾನ. ಹಬ್ಬದ ದಿನ ಮಾಡಿಟ್ಟ ಆರತಿ ನೀರು ಚೆಲ್ಲೋದು ಮರೆತರೆ ಮಾರನೇ ದಿನಕ್ಕೆ ಆ ಕೆಂಪು ಇರೋದೇ ಇಲ್ಲ, ಮಂಕು ಮಂಕಾಗಿರುತ್ತೆ. ಯಾಕೆ?

ನಿವೃತ್ತ ವಿಜ್ಞಾನ ಮೇಷ್ಟ್ರು:
ಎರಡು ಕಾರಣ. ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತೆ, ನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟೋದು ಅದೇ. ಕ್ಷಾರೀಯತೆ ಇಳಿದ ಹಾಗೆ ಕೆಂಪೂ ಇಳಿಯುತ್ತೆ. ಎರಡನೇದು, ಕ್ಷಾರದಲ್ಲಿ ಕರ್ಕ್ಯುಮಿನ್ನೇ ಒಡೆದುಹೋಗುತ್ತೆ. ಹಾಗಾಗಿ ಮತ್ತೆ ಸುಣ್ಣ ಹಾಕಿದರೂ ಮೊದಲಿನ ಕೆಂಪು ಪೂರ್ತಿ ಬರಲ್ಲ.

ಲ್ಯಾಬ್ ಅಸಿಸ್ಟೆಂಟ್:
ಒಂದು ಮಾತು ಸೇರಿಸ್ತೀನಿ. ಅರಿಶಿನ ನೀರಲ್ಲಿ ಸರಿಯಾಗಿ ಕರಗಲ್ಲ, ತಳಕ್ಕೆ ಕೂರುತ್ತೆ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿ ಪಟ್ಟಿ ಕತ್ತರಿಸಿಕೊಳ್ಳಿ. ಬಣ್ಣ ಸ್ಪಷ್ಟವಾಗಿ ಕಾಣುತ್ತೆ, ಹಾಳೆಗೂ ಅಂಟಿಸಬಹುದು. ಸ್ಪಿರಿಟ್ ಒಲೆ ಹತ್ತಿರ ಬೇಡ. ಅರಿಶಿನಕ್ಕೆ ನೀರಿಗೂ ಆಮ್ಲಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೆ ಕೆಂಪು ದಾಸವಾಳದ ರಸ ಇಟ್ಕೊಳ್ಳಿ: ಆಮ್ಲಕ್ಕೆ ಗಾಢ ಗುಲಾಬಿ, ಕ್ಷಾರಕ್ಕೆ ಹಸಿರು.

ಹತ್ತನೇ ಕ್ಲಾಸಿನ ಅಮ್ಮ:
ಮೇಷ್ಟ್ರೇ, ಹುರಿದದ್ದು ಹಾಕಿದ ಕೂಡಲೇ ಕೆಂಪಾಯ್ತು! ಆದ್ರೆ ತಕ್ಕಡಿ 7.1 ತೋರಿಸ್ತಿದೆ. 6.3 ಅಂದಿದ್ರಲ್ಲ?

ನಿವೃತ್ತ ವಿಜ್ಞಾನ ಮೇಷ್ಟ್ರು:
ಇನ್ನೂ ಪೂರ್ತಿ ಬೆಂದಿಲ್ಲ. ಮತ್ತೆ ಐದು ನಿಮಿಷ ಹುರಿದು, ಆರಿಸಿ ತೂಗಿ. ತೂಕ ಇಳಿಯೋದು ನಿಲ್ಲೋವರೆಗೂ ಹೀಗೇ ಮಾಡಿ. ಆ ತೂಕಗಳನ್ನೆಲ್ಲ ಮಗು ಒಂದರ ಕೆಳಗೊಂದು ಬರೆದಿಡಲಿ.